ಕಡ್ಡಿಯಷ್ಟೇ ಅಲ್ಲ, ಬಿಲ್ಲೆಯೂ

ಪ್ರಶ್ನೆ: ಕ್ಯಾಲ್ಕುಲೇಟರ್ ಪರದೆಯ ದ್ರವ ಹರಳಿನಲ್ಲಿ ಅಣುಗಳು ಕಡ್ಡಿಯಂತೆ ಇರುತ್ತವಂತೆ. ಬೇರೆ ಆಕಾರದ ಅಣುಗಳಿಂದ ದ್ರವ ಹರಳು ಆಗುವುದಿಲ್ಲವೇ?

ಉತ್ತರ: ಖಂಡಿತ ಆಗುತ್ತದೆ. ದ್ರವ ಹರಳು ಅಂದರೆ ದ್ರವದಂತೆ ಹರಿದರೂ ಅಣುಗಳು ಹರಳಿನಲ್ಲಿರುವಂತೆ ಒಂದು ಕ್ರಮದಲ್ಲಿರುವ ವಸ್ತು. ಎಂ.ಎಸ್ಸಿ. ಓದುವಾಗ ನಾನೂ ಕಡ್ಡಿಯೇ ಬೇಕು ಅಂದುಕೊಂಡಿದ್ದೆ. ಕಡ್ಡಿಗಳು ಪೊಟ್ಟಣದ ಶಾವಿಗೆಯಂತೆ ಒಂದೇ ದಿಕ್ಕಿಗೆ ಮಲಗಿ ಹರಿದಾಡುತ್ತವೆ. ಆದರೆ 1977ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಭೌತವಿಜ್ಞಾನಿ ಎಸ್. ಚಂದ್ರಶೇಖರ್ (ನೊಬೆಲ್ ಪಡೆದ ಖಗೋಳವಿಜ್ಞಾನಿ ಅಲ್ಲ, ಬೇರೆಯವರು) ಮತ್ತು ಸಂಗಡಿಗರು ಬಿಲ್ಲೆಯಂಥ ಅಣುಗಳಲ್ಲೂ ಈ ಗುಣ ಕಂಡರು. ನಡುವೆ ಚಪ್ಪಟೆ ಬೆಂಜೀನ್ ಉಂಗುರ (ಆರು ಇಂಗಾಲದ ಪರಮಾಣುಗಳ ಬಳೆ), ಸುತ್ತ ಆರು ಬಾಲ, ಅಂದರೆ ಬಳುಕುವ ಇಂಗಾಲದ ಸರಪಳಿಗಳು. ಡಬ್ಬಿಯಲ್ಲಿ ಜೋಡಿಸಿಟ್ಟ ನಿಪ್ಪಟ್ಟಿನ ಹಾಗೆ ಒಂದರ ಮೇಲೊಂದು ಕೂತು ಕಂಬವಾಗುತ್ತವೆ. (ನಮ್ಮನೆ ಡಬ್ಬಿಯ ಕಂಬ ಸಂಜೆವರೆಗೂ ಉಳಿಯುವುದಿಲ್ಲ, ಬಿಡಿ.) ಬಾಲಗಳಿರುವುದು ಸುಮ್ನೆ ಅಂದಕ್ಕಲ್ಲ. ಅವು ಸದಾ ಅಲುಗಾಡುವುದರಿಂದಲೇ ಕಂಬಗಳು ಗಟ್ಟಿ ಹರಳಾಗದೆ ಮೆತ್ತಗಿರುತ್ತವೆ. ಬಾಲ ತೀರಾ ಗಿಡ್ಡವಾದರೆ ಈ ಹದ ಸಿಗುವುದಿಲ್ಲ.