ನೀವು ಕೇಳಿದ್ದು ಇದು: ನನಗೆ ಕರ್ನಾಟಕ ಸಂಗೀತದ ಪಿಟೀಲು ಬರುತ್ತದೆ. ಓಲ್ಡ್‌ಟೈಮ್ ಸ್ಟ್ರಿಂಗ್ ಬ್ಯಾಂಡ್ (ಅಮೆರಿಕದ ಹಳೇ ಜನಪದ ಟ್ಯೂನುಗಳನ್ನು ನುಡಿಸುವ ತಂತಿವಾದ್ಯಗಳ ತಂಡ) ಸೇರಲು ಎಷ್ಟು ಟ್ಯೂನ್ ಬಾಯಿಪಾಠ ಬೇಕು? ಇಲ್ಲ, ಬ್ಯಾಂಜೊ (ಡೋಲಿನಂತೆ ಚರ್ಮ ಬಿಗಿದ ಐದು ತಂತಿಯ ವಾದ್ಯ) ಕಲಿಯುವುದೇ ಸುಲಭವೇ?

ಸೀನಿಯರ್ ಪರೀಕ್ಷೆ ಪಾಸು, ಆಮೇಲೆ ನಾರ್ತ್ ಕ್ಯಾರೊಲೈನಾದಲ್ಲಿ ಕೆಲಸ, ಒಂದು ಶನಿವಾರ ಪಿಟೀಲು, ಬ್ಯಾಂಜೊ, ಗಿಟಾರ್ ಕೂಡಿ ನುಡಿಸುವುದನ್ನು ಕೇಳಿ ಹುಚ್ಚು ಹಿಡಿದದ್ದು. ನೀವು ಬರೆದಿರುವುದು ನನ್ನದೇ ಕಥೆ. ನಾನು 60 ಟ್ಯೂನಿಗೆ ಸ್ವರ ಹಾಕಿ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದೆ. ಜೋಡಿಗಳು ಚೌಕವಾಗಿ ನಿಂತು ಕುಣಿಯುವ ಸ್ಕ್ವೇರ್ ಡಾನ್ಸಿನ ಒಂದು ರಾತ್ರಿ ಬ್ಯಾಂಡಿನ ಪಿಟೀಲಿನವರು ಬರಲಿಲ್ಲ, ನನ್ನನ್ನು ಕೂರಿಸಿದರು. ಎರಡನೇ ಡಾನ್ಸಿನ ನಡುವೆ ಕುಣಿಯುವವರ ಹೆಜ್ಜೆ ಕಲಸಿಹೋಯಿತು. ಹೆಜ್ಜೆ ಕೂಗಿ ಹೇಳುವ ಕಾಲರ್ ಕೈಯೆತ್ತಿ ನಿಲ್ಲಿಸಿಯೇ ಬಿಟ್ಟರು. ನನ್ನ ಒಂದು ಸ್ವರವೂ ತಪ್ಪಿರಲಿಲ್ಲ. ಉಳಿದ ರಾತ್ರಿಯನ್ನು ಗಿಟಾರ್, ಬ್ಯಾಂಜೊ ಎರಡೇ ಸಾಗಿಸಿದವು. ನನಗೆ ಮತ್ತೆ ಕರೆ ಬರಲು ಎರಡು ವರ್ಷ ಹಿಡಿಯಿತು.

ಆದದ್ದೇನು ಅಂತ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವು ಅದೇ ಗುಂಡಿಯ ಕಡೆಗೇ ನಡೆಯುತ್ತಿದ್ದೀರಿ. ಈ ಟ್ಯೂನುಗಳಲ್ಲಿ ಸಾಮಾನ್ಯವಾಗಿ ಎರಡು ಭಾಗ, ಒಂದೊಂದನ್ನೂ ಎರಡೆರಡು ಸಲ ನುಡಿಸುತ್ತಾರೆ. ಒಂದು ಭಾಗಕ್ಕೆ ಪಾದದ 16 ಪೆಟ್ಟು, ಅಂದರೆ ಆದಿ ತಾಳದ ಎರಡು ಆವರ್ತ. ಒಂದು ಸುತ್ತಿಗೆ 64 ಪೆಟ್ಟು. ಇಷ್ಟು ನಮಗೆ ನೀರು ಕುಡಿದಷ್ಟು ಸುಲಭ. ಕಷ್ಟ ಇರುವುದು ಒಂದು ಪೆಟ್ಟಿನ ಒಳಗೆ.

ಒಂದು ಪೆಟ್ಟನ್ನು ತಕಧಿಮಿ ಅಂದುಕೊಳ್ಳಿ. ಪಿಟೀಲಿನ ಕಮಾನು ‘ತಕ’ಕ್ಕೆ ಒಂದು ಉದ್ದ ಎಳೆತ, ‘ಧಿ’ಗೆ ಒಂದು ಗಿಡ್ಡ, ‘ಮಿ’ಗೆ ಇನ್ನೊಂದು ಗಿಡ್ಡ. ಇದಕ್ಕೆ ಶಫಲ್ ಅನ್ನುತ್ತಾರೆ. ಪಾದ ನೆಲಕ್ಕೆ ಬೀಳುವುದು ‘ತ’ದ ಮೇಲೆ. ಆದರೆ ಒತ್ತು ಬೀಳುವುದು ‘ಧಿ’ಯ ಮೇಲೆ, ಪಾದ ಮೇಲಿರುವಾಗ. ಗಿಟಾರಿನವರು ‘ತ’ಕ್ಕೆ ದಪ್ಪ ತಂತಿಯೊಂದನ್ನು ಮೀಟಿ ‘ಧಿ’ಗೆ ಉಳಿದ ತಂತಿಗಳನ್ನೆಲ್ಲ ಒಟ್ಟಿಗೆ ಬಾರಿಸುತ್ತಾರೆ. ಕ್ಲಾಹ್ಯಾಮರ್ ಅನ್ನುವ ಬ್ಯಾಂಜೊ ಶೈಲಿಯಲ್ಲಿ ‘ತ’ಕ್ಕೆ ಉಗುರಿನಿಂದ ಒಂದು ತಂತಿ, ‘ಧಿ’ಗೆ ತಂತಿಗಳ ಮೇಲೆ ಸವರು, ‘ಮಿ’ಗೆ ಹೆಬ್ಬೆರಳಿನಿಂದ ಗಿಡ್ಡದಾದ ಐದನೇ ತಂತಿ. ಮೂರು ವಾದ್ಯಗಳೂ ಒಂದೇ ಮಾತು ಆಡುತ್ತವೆ. ಬ್ಯಾಂಡಿನ ಆ ಲವಲವಿಕೆ ಬರುವುದು ಇಲ್ಲಿಂದ, ವೇಗದಿಂದಲ್ಲ.

ನಾನು ಮಾಡಿದ್ದು ನಮ್ಮ ಮನೆಯ ಪದ್ಧತಿ. ಭಾರವನ್ನೆಲ್ಲ ಪೆಟ್ಟಿನ ಮೇಲೇ ಇಟ್ಟೆ. ನಾಲ್ಕು ಸ್ವರ, ಎಂಟು ಸ್ವರ ಒಂದೇ ಕಮಾನಿನಲ್ಲಿ ಎಳೆದೆ, ಹಾಗಾಗಿ ‘ಧಿಮಿ’ ಅಳಿಸಿಯೇ ಹೋಯಿತು. ಭಾಗದ ಕೊನೆಗೆ ಷಡ್ಜವನ್ನು ಹಿಡಿದು ನಿಂತೆ. ಅಲ್ಲಿಯ ಕೊನೆಯ ‘ಧಿಮಿ’ ಮುಂದಿನ ಭಾಗಕ್ಕೆ ಎತ್ತಿಕೊಡುವ ಸ್ವರಗಳ ಜಾಗ, ಅದನ್ನು ಪ್ರತಿ ಸುತ್ತಿನಲ್ಲೂ ನುಂಗಿದೆ. ಮೂರನೇ ಸುತ್ತಿಗೆ ಸಂಗತಿ (ಅದೇ ಸಾಲನ್ನು ಬದಲಿಸಿ ಬದಲಿಸಿ ನುಡಿಸುವುದು) ಹಾಕಲು ಶುರು ಮಾಡಿದೆ. ಕುಣಿಯುವವರು ಟ್ಯೂನ್ ಕೇಳುವುದಿಲ್ಲ, ಕಾಲು ಎತ್ತಲು ‘ಧಿ’ಯನ್ನು ಕಾಯುತ್ತಿರುತ್ತಾರೆ. ಅದು ಬರದಿದ್ದರೆ ಮೊದಲು ಅರ್ಧ ಹೆಜ್ಜೆ ತಡ, ಆಮೇಲೆ ಪೂರ್ತಿ ಗೊಂದಲ. ಪೆಟ್ಟು ನಿಮಿಷಕ್ಕೆ 112 ಇದ್ದರೆ ಒಂದು ಸುತ್ತು ಸುಮಾರು 34 ಸೆಕೆಂಡ್. ಎಂಟು ನಿಮಿಷದ ಡಾನ್ಸಿಗೆ ಅದೇ ಟ್ಯೂನು 14 ಸಲ. 14 ಸಲವೂ ಹಾಗೆಯೇ ಬರಬೇಕು. ನಮ್ಮವರಿಗೆ ಇದು ಬೇಸರದ ಕೆಲಸ ಅನ್ನಿಸುತ್ತದೆ. ಹಾಗನ್ನಿಸುವುದು ನಿಲ್ಲುವವರೆಗೆ ಡಾನ್ಸಿಗೆ ನುಡಿಸಲು ಒಪ್ಪಿಕೊಳ್ಳಬೇಡಿ.

ಅದಕ್ಕೇ ಎಷ್ಟು ಟ್ಯೂನ್ ಅನ್ನುವ ಪ್ರಶ್ನೆಯೇ ಸರಿಯಿಲ್ಲ ಅನ್ನುತ್ತೇನೆ. ಐದು ಸಾಕು, ಐದೂ ‘ಎ’ ಶ್ರುತಿಯವು. ಯಾಕೆ ‘ಎ’? ಈ ಟ್ಯೂನುಗಳಿಗೆ ಇಲ್ಲಿಯವರು ಪಿಟೀಲನ್ನು ಹೆಚ್ಚಾಗಿ ಎ-ಇ-ಎ-ಇ ಅಂತ ಶ್ರುತಿ ಮಾಡುತ್ತಾರೆ. ಬಾಯಲ್ಲಿ ಹೇಳಿ ನೋಡಿ: ಸ-ಪ-ಸ-ಪ! ಇಲ್ಲಿ ಶಾಸ್ತ್ರೀಯ ವಯೊಲಿನ್ ಕಲಿತವರು ತಿಣುಕಾಡುವ ಜಾಗದಲ್ಲಿ ನೀವು ಹುಟ್ಟಿನಿಂದ ಇದ್ದೀರಿ. ಜಿ-ಡಿ-ಜಿ-ಡಿ ಅನ್ನುವ ಇನ್ನೊಂದು ಜೋಡಣೆ ನಮ್ಮ ಐದು ಮನೆ ಶ್ರುತಿಯೇ. ಮೇಲಿನ ಎರಡು ತಂತಿಯ ಬೆರಳುಗಳನ್ನೇ ಕೆಳಗಿನ ಎರಡರಲ್ಲಿ ಇಟ್ಟರೆ ಅದೇ ಟ್ಯೂನು ಮಂದ್ರದಲ್ಲಿ ಬರುತ್ತದೆ. ಜ್ಯಾಮಿನಲ್ಲಿ, ಅಂದರೆ ಸುತ್ತ ಕೂತು ಒಟ್ಟಿಗೆ ನುಡಿಸುವಾಗ, ಇನ್ನೊಬ್ಬ ಪಿಟೀಲಿನವರಿದ್ದರೆ ಹಾಗೆ ಕೆಳಗೆ ಹೋಗಿ ನುಡಿಸಿ, ಎಲ್ಲರಿಗೂ ಖುಷಿ.

ಪಿಟೀಲನ್ನು ಹೊಸದು ಕೊಳ್ಳಬೇಡಿ, ತಂತಿ ಮಾತ್ರ ಬದಲಾಯಿಸಿ. ತಗ್ಗು ಶ್ರುತಿಗೆ ಒಗ್ಗಿದ ಹಳೇ ತಂತಿಯನ್ನು ‘ಎ’ಗೆ ಏರಿಸಿದರೆ ತುಂಡಾಗಬಹುದು. ಸ್ಟೀಲ್ ತಂತಿಯ ಸೆಟ್ ಹಾಕಿ, ಮೊದಲು ಜಿ-ಡಿ-ಎ-ಇಗೆ ತಂದು ಒಂದು ದಿನ ಬಿಡಿ. ಆಮೇಲೆ ‘ಜಿ’ಯನ್ನು ‘ಎ’ಗೆ, ‘ಡಿ’ಯನ್ನು ‘ಇ’ಗೆ ಏರಿಸಿ. ಏರಿಸುವಾಗ ಕುದುರೆಯ ತಲೆ ಬಿರಡೆಗಳ ಕಡೆಗೆ ವಾಲುತ್ತದೆ. ಪ್ರತಿ ಸಲ ನೋಡಿ ಎರಡು ಕೈಯಿಂದ ನೆಟ್ಟಗೆ ಮಾಡಿ, ಇಲ್ಲದಿದ್ದರೆ ಒಂದು ದಿನ ಠಪ್ಪೆಂದು ಬೀಳುತ್ತದೆ. ನಾಲ್ಕೂ ತಂತಿಗೆ ಫೈನ್ ಟ್ಯೂನರ್ ಹಾಕಿಸಿ. ಬೆರಳಿಗೆ ಕೊಬ್ಬರಿ ಎಣ್ಣೆ ಹಚ್ಚುವ ಅಭ್ಯಾಸವಿದ್ದರೆ ಬಿಡಿ. ಇಲ್ಲಿ ಉದ್ದ ಜಾರು ಬೇಕಿಲ್ಲ, ಎಣ್ಣೆ ಕಮಾನಿನ ಕೂದಲಿಗೆ ತಗುಲಿದರೆ ರಾಳ ಹಿಡಿಯುವುದಿಲ್ಲ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರೆ ಯಾರೂ ಬೇಡ ಅನ್ನುವುದಿಲ್ಲ, ಆದರೆ ಪಾದ ತಟ್ಟಲು ಆಗುವುದಿಲ್ಲ. ಕುರ್ಚಿಯಲ್ಲಿ ಕೂತು ಪಿಟೀಲನ್ನು ಎದೆಗೆ ಒತ್ತಿ ಹಿಡಿಯಿರಿ, ಹಳಬರು ಎಷ್ಟೋ ಮಂದಿ ಹಾಗೆಯೇ ಹಿಡಿಯುತ್ತಿದ್ದರು. ಎಡಗೈ ಪಿಟೀಲಿನ ಕುತ್ತಿಗೆಯ ತುದಿಯಲ್ಲೇ ಇರುತ್ತದೆ, ಮೇಲೆ ಏರುವ ಕೆಲಸ ಕಡಿಮೆ.

ಅಭ್ಯಾಸ ಹೀಗೆ. ಎಡಗೈ ಬೇಡ. ಮೇಲಿನ ಎರಡು ತಂತಿ ಒಟ್ಟಿಗೆ, ಸ-ಪ, ಖಾಲಿ. ಕಮಾನಿನ ನಡುಭಾಗ ಮಾತ್ರ: ‘ತಕ’ಕ್ಕೆ ಒಂದು ಗೇಣು, ‘ಧಿ’, ‘ಮಿ’ಗೆ ನಾಲ್ಕು ನಾಲ್ಕು ಬೆರಳಿನಷ್ಟು. ಮೊದಲ ಪೆಟ್ಟಿಗೆ ಕಮಾನು ಕೆಳಗೆ-ಮೇಲೆ-ಕೆಳಗೆ, ಮುಂದಿನ ಪೆಟ್ಟಿಗೆ ತಾನಾಗಿ ಮೇಲೆ-ಕೆಳಗೆ-ಮೇಲೆ. ಪ್ರತಿ ಪೆಟ್ಟನ್ನೂ ಕೆಳಗಿನ ಎಳೆತದಿಂದಲೇ ಶುರು ಮಾಡಲು ಕೈ ತವಕಿಸುತ್ತದೆ. ಬಿಡಬೇಡಿ, ಹಾಗೆ ಮಾಡಿದರೆ 90ರ ಮೇಲೆ ಕೈ ಕಟ್ಟಿಹೋಗುತ್ತದೆ. ಮೆಟ್ರೊನೋಮ್ 70ಕ್ಕೆ ಇಟ್ಟು, ಅದರ ಟಿಕ್ಕನ್ನು ಪೆಟ್ಟು ಅಂದುಕೊಳ್ಳದೆ ‘ಧಿ’ ಅಂದುಕೊಳ್ಳಿ. ಮೊದಲ ವಾರ ತಲೆ ತಿರುಗುತ್ತದೆ. ದಿನಕ್ಕೆ ಹತ್ತು ನಿಮಿಷ ಸಾಕು. 85, 100, 112 ಅಂತ ಏರಿಸಿ. ಫೋನಿನಲ್ಲಿ ರೆಕಾರ್ಡ್ ಮಾಡಿ ಪಕ್ಕದ ಕೋಣೆಯಿಂದ ಕೇಳಿ. ಗೋಡೆಯಾಚೆಗೆ ‘ಧಿಮಿ’ ಕೇಳಿಸದಿದ್ದರೆ ಇನ್ನೂ ಟ್ಯೂನಿಗೆ ಕೈ ಹಾಕಬೇಡಿ.

ಟ್ಯೂನ್ ಕಲಿಯುವಾಗ ಹರಿಕಾಂಭೋಜಿ, ಖರಹರಪ್ರಿಯ, ಮೋಹನ ಅಂತ ಕಿವಿ ತಾನಾಗಿ ಹೆಸರಿಡುತ್ತದೆ. ಆರೋಹಣ ಅವರೋಹಣ ಹೊಂದುವುದು ನಿಜ, ರಾಗ ಅಲ್ಲ. ಗಾಂಧಾರವನ್ನು ಕೆಲವು ಹಳೇ ಪಿಟೀಲಿಗರು ಎರಡು ಗಾಂಧಾರಗಳ ನಡುವೆ ಎಲ್ಲೋ ಇಡುತ್ತಾರೆ. ಅದನ್ನು ತಿದ್ದಲು ಹೋಗಬೇಡಿ.

ಕೇಳಲು ಎರಡು ಹಳೇ ಬ್ಯಾಂಡ್. ಜಾರ್ಜಿಯಾದ ಸ್ಕಿಲೆಟ್ ಲಿಕ್ಕರ್ಸ್, 1926ರಿಂದ ಕೊಲಂಬಿಯಾ ರೆಕಾರ್ಡ್ ಕಂಪನಿಗೆ ಧ್ವನಿಮುದ್ರಿಸಿದವರು: ಕೋಳಿ ಸಾಕುತ್ತಿದ್ದ ಗಿಡ್ ಟ್ಯಾನರ್, ಕಣ್ಣಿಲ್ಲದ ಗಿಟಾರ್ ವಾದಕ ರೈಲಿ ಪಕೆಟ್, ಕ್ಲೇಟನ್ ಮ್ಯಾಕ್‌ಮಿಚನ್. ಎರಡು ಮೂರು ಪಿಟೀಲು ಒಟ್ಟಿಗೆ, ನಡುನಡುವೆ ಕೇಕೆ. ಮೈ ಬಿಸಿಯಾಗಲು ಇದು ಸರಿ, ಕಲಿಯಲು ಗಲಾಟೆ ಜಾಸ್ತಿ. ಕಲಿಯಲು ನಮ್ಮ ರಾಜ್ಯದ ಚಾರ್ಲಿ ಪೂಲ್ ಮತ್ತು ನಾರ್ತ್ ಕ್ಯಾರೊಲೈನಾ ರ‍್ಯಾಂಬ್ಲರ್ಸ್, 1925ರಿಂದ: ಒಂದೇ ಪಿಟೀಲು, ಒಂದು ಬ್ಯಾಂಜೊ, ಒಂದು ಗಿಟಾರ್, ಮೂರೂ ಬೇರೆ ಬೇರೆ ಕೇಳಿಸುತ್ತವೆ. ಕಮಾನಿಗಾಗಿಯೇ ಮೌಂಟ್ ಏರಿ ಹತ್ತಿರದ ಟಾಮಿ ಜರೆಲ್ (1901–1985), ರಸ್ತೆ ಇಲಾಖೆಯಲ್ಲಿ ಗ್ರೇಡರ್ ಓಡಿಸುತ್ತಿದ್ದವರು. ಮೆಬೇನಿನ ಜೋ ಥಾಂಪ್ಸನ್ (1918–2012) ಕಪ್ಪುಜನರ ಸ್ಟ್ರಿಂಗ್ ಬ್ಯಾಂಡ್ ಪರಂಪರೆಯ ಪಿಟೀಲಿಗರು. ಕ್ಯಾರೊಲೈನಾ ಚಾಕ್ಲೆಟ್ ಡ್ರಾಪ್ಸ್ ತಂಡದವರು ಕಲಿತದ್ದು ಅವರ ಮನೆಯಲ್ಲಿ ಎದುರು ಬದುರು ಕೂತು. ಬ್ಯಾಂಜೊ ಆಫ್ರಿಕಾದಿಂದ ಬಂದವರ ಕೈಯ ವಾದ್ಯ ಅನ್ನುವುದನ್ನು ಇಲ್ಲಿ ಎಷ್ಟೋ ಜನ ಮರೆತೇ ಮಾತಾಡುತ್ತಾರೆ.

ಬ್ಯಾಂಜೊ ಸುಲಭವೇ ಅಂತ ಕೇಳಿದ್ದೀರಿ. ಅಲ್ಲ. ಬಲಗೈಯ ಸಮಸ್ಯೆ ಅಲ್ಲಿಯೂ ಇದೇ, ಜೊತೆಗೆ ಶ್ರುತಿ ಬದಲಿಸುವ ಕಾಟ ಹೆಚ್ಚು: ‘ಎ’ಗೆ ಎರಡನೇ ಮನೆಯಲ್ಲಿ ಕೇಪೊ (ತಂತಿಗಳನ್ನು ಅದುಮಿ ಹಿಡಿಯುವ ಕ್ಲಿಪ್ಪು) ಹಾಕಿ ಐದನೇ ತಂತಿಯನ್ನು ಏಳನೇ ಮನೆಯ ಮೊಳೆಗೆ ಸಿಕ್ಕಿಸಬೇಕು, ‘ಡಿ’ಗೆ ಜೋಡಣೆಯೇ ಬೇರೆ. ಜ್ಯಾಮಿನಲ್ಲಿ ಗಂಟೆಗಟ್ಟಲೆ ಒಂದೇ ಶ್ರುತಿಯಲ್ಲಿ ಕೂರುವುದು ಅದಕ್ಕೇ. ಎಲ್ಲರೂ ‘ಎ’ಯಲ್ಲಿರುವಾಗ ‘ಡಿ’ ಟ್ಯೂನು ಕೇಳಿದರೆ ಬ್ಯಾಂಜೊದವರ ಮುಖ ನೋಡಬೇಕು. ಹಾಗಿದ್ದೂ ಕೊಳ್ಳುವುದೇ ಆದರೆ ಹಿಂಭಾಗ ತೆರೆದ ಐದು ತಂತಿಯದು ಕೊಳ್ಳಿ, ಹಿಂದೆ ಮುಚ್ಚಳವಿರುವುದು ಬ್ಲೂಗ್ರಾಸ್ ಅನ್ನುವ ಬೇರೆ ಶೈಲಿಯವರಿಗೆ.

ಜ್ಯಾಮಿಗೆ ನೋಟ್‌ಬುಕ್ ಒಯ್ಯಬೇಡಿ, ಕ್ಲಿಪ್ ಟ್ಯೂನರ್ ಒಯ್ಯಿರಿ. ಮುಂದಾಳು ಪಿಟೀಲಿನವರ ಬಲ ಮಣಿಕಟ್ಟು ಕಾಣುವ ಕಡೆ ಕೂರಿ. ಅವರು ಪಾದ ಎತ್ತಿ ಹಿಡಿದರೆ ಅದೇ ಕೊನೆಯ ಸುತ್ತು. ಸೋಲೊ ಸರದಿ ಇಲ್ಲಿಲ್ಲ, ಕಾಯಬೇಡಿ. ಮೊದಲ ಎರಡು ತಿಂಗಳು ಟ್ಯೂನು ಗೊತ್ತಿಲ್ಲದಾಗ ಸ-ಪ ತಂತಿಯ ಮೇಲೆ ಬರೀ ಶಫಲ್ ಹಾಕುತ್ತಿದ್ದರೂ ನೀವು ಬ್ಯಾಂಡಿನಲ್ಲೇ ಇದ್ದೀರಿ. ಆಗಸ್ಟಿನಲ್ಲಿ ವರ್ಜೀನಿಯಾದ ಗ್ಯಾಲಕ್ಸ್‌ನಲ್ಲಿ 1935ರಲ್ಲಿ ಶುರುವಾದ ಪಿಟೀಲು ಮೇಳ ಇರುತ್ತದೆ. ವೇದಿಕೆ ಬಿಟ್ಟು ಗುಡಾರಗಳ ನಡುವೆ ಓಡಾಡಿ. ಕೈಯಿಲ್ಲದ ಮಡಚುವ ಕುರ್ಚಿ ತೆಗೆದುಕೊಂಡು ಹೋಗಿ. ಕೈಯಿರುವ ಕುರ್ಚಿಯಲ್ಲಿ ಕಮಾನಿನ ಮೊಣಕೈ ಬಡಿಯುತ್ತದೆ.