ಹಿತ್ತಲಲ್ಲಿ ಸಿಕ್ಕ ಬಾಟಲಿಗೆ ಬೆಲೆ ಇದೆಯಾ?

ಪ್ರಶ್ನೆ: ಅಜ್ಜನ ಕಾಲದ ಮನೆಯ ಹಿತ್ತಲಲ್ಲಿ ಗುಂಡಿ ತೆಗೆಸುವಾಗ ಹಳೇ ಗಾಜಿನ ಬಾಟಲಿಗಳು ಸಿಕ್ಕಿವೆ. ಒಂದು ಗೋಲಿ ಸೋಡಾದ್ದು. ಇನ್ನೊಂದರ ಬುಡ ಮೊಟ್ಟೆ ಹಾಗೆ ಉರುಟು, ನಿಲ್ಲೋದೇ ಇಲ್ಲ. ಮತ್ತೊಂದು ಕಡುನೀಲಿ, ಮೈಮೇಲೆಲ್ಲ ಉಬ್ಬಿದ ಗೆರೆ. ಗುಜರಿಯವರು ಕೇಳ್ತಿದ್ದಾರೆ. ಆಸಿಡ್ ಹಾಕಿ ತೊಳೆದು ಕೊಡಲಾ?
– ಓದುಗರು, ಕುಮಟಾ

ಉತ್ತರ: ದಯವಿಟ್ಟು ಗುಜರಿಗೆ ಕೊಡಬೇಡಿ. ಆಸಿಡ್ ಅಂತೂ ಬೇಡವೇ ಬೇಡ. ನೀರಲ್ಲಿ ನೆನೆಹಾಕಿ, ಸೋಪು, ಮೆತ್ತನೆ ಬ್ರಷ್ ಅಷ್ಟೇ ಸಾಕು. ತೊಳೆದ ಮೇಲೂ ಬಿಳಿ ಮಬ್ಬು ಉಳಿದರೆ ತಿಕ್ಕಬೇಡಿ, ಅದು ಕೊಳೆಯಲ್ಲ, ನಮ್ಮ ಕಡೆಯ ಮಳೆಗೆ ವರ್ಷಗಟ್ಟಲೆ ಒದ್ದೆಯಾದ ಮಣ್ಣಲ್ಲಿ ಗಾಜಿನೊಳಗಿನ ಸೋಡಾ ಅಂಶ ನೀರಿಗೆ ಇಳಿದುಹೋಗಿ ಗಾಜೇ ಹಾಗಾಗಿರುತ್ತದೆ.

ಉರುಟು ಬುಡದ್ದು ಮೂರರಲ್ಲಿ ನನಗೆ ಜಾಸ್ತಿ ಇಷ್ಟವಾದದ್ದು. ನಿಲ್ಲಬಾರದು ಅಂತಲೇ ಹಾಗೆ ಮಾಡಿದ್ದು. ಮಲಗಿಸಿಟ್ಟರೆ ಬಿರಡೆ ಒದ್ದೆಯಾಗಿರುತ್ತದೆ, ಗ್ಯಾಸ್ ಹೋಗುವುದಿಲ್ಲ. 19ನೇ ಶತಮಾನದಲ್ಲಿ ಸೋಡಾ ಹೆಚ್ಚಾಗಿ ಇಂಥದ್ದರಲ್ಲಿ ಬರುತ್ತಿತ್ತು. ಆಮೇಲೆ 1872ರಲ್ಲಿ ಇಂಗ್ಲೆಂಡಿನ ಹೈರಮ್ ಕಾಡ್ ಗೋಲಿ ಬಾಟಲಿಗೆ ಪೇಟೆಂಟ್ ಪಡೆದ. ಆದರೆ ಗೋಲಿ ಬಾಟಲಿ ನಮ್ಮಲ್ಲಿ ಈಗಲೂ ತಯಾರಾಗುತ್ತದೆ, ಹಾಗಾಗಿ ಬರೀ ಗೋಲಿ ಇದೆ ಅಂತ ಬೆಲೆ ಬರುವುದಿಲ್ಲ. ಮೈಮೇಲೆ ಉಬ್ಬಕ್ಷರದಲ್ಲಿ ಊರಿನ ಹೆಸರೋ ಸೋಡಾ ಕಂಪನಿ ಹೆಸರೋ ಇದ್ದರೆ ಆಗ ಮಾತು ಬೇರೆ. ನೀಲಿಯದ್ದು ಬಹುಶಃ ವಿಷದ ಬಾಟಲಿ, ಕತ್ತಲಲ್ಲೂ ಕೈಗೆ ಗೊತ್ತಾಗಲಿ ಅಂತ ಆ ಗೆರೆಗಳು. ಒಳಗೆ ಏನಾದರೂ ಉಳಿದಿದ್ದರೆ ಮೂಸಿ ನೋಡಬೇಡಿ, ಮಕ್ಕಳ ಕೈಗೆ ಕೊಡಬೇಡಿ.

ವಯಸ್ಸು ತಿಳಿಯಲು ನೀಲಿಯದ್ದನ್ನು ಬಿಸಿಲಿಗೆ ಹಿಡಿದು, ಪಕ್ಕದ ಅಚ್ಚಿನ ಗೆರೆಯ (ಉಬ್ಬಿದ ಗೆರೆಗಳಲ್ಲ, ಅಚ್ಚಿನ ಎರಡು ಭಾಗ ಕೂಡಿದಲ್ಲಿ ಮೂಡುವ ತೆಳು ಗೆರೆ) ಮೇಲೆ ಬುಡದಿಂದ ಉಗುರು ಎಳೆಯುತ್ತಾ ಹೋಗಿ. ಗೆರೆ ಬಾಯಿಯ ಅಂಚಿನವರೆಗೂ ಹೋದರೆ ಯಂತ್ರದ್ದು, ಅಂದರೆ ಹೆಚ್ಚಾಗಿ 1910ರ ಆಚೀಚೆಯದ್ದು ಅಥವಾ ಇನ್ನೂ ಹೊಸದು. ಕುತ್ತಿಗೆಯಲ್ಲೇ ನಿಂತರೆ ಬಾಯಿ ಕೈಯಲ್ಲಿ ಮಾಡಿದ್ದು, ಸಾಮಾನ್ಯವಾಗಿ ಅದಕ್ಕಿಂತ ಹಳೇದು. ಗೋಲಿ ಸೋಡಾಕ್ಕೆ ಈ ಲೆಕ್ಕ ಹಿಡಿಯಬೇಡಿ.

ಬಾಯಿ ಒಡೆದಿದ್ದರೆ, ಸೀಳು ಬಿಟ್ಟಿದ್ದರೆ ಬೆಲೆ ತುಂಬಾ ಇಳಿಯುತ್ತದೆ. ಆನ್‌ಲೈನಲ್ಲಿ ಜನ ಕೇಳುವ ರೇಟು ನೋಡಬೇಡಿ, ಅಂಥದ್ದೇ ಬಾಟಲಿ ನಿಜವಾಗಿ ಎಷ್ಟಕ್ಕೆ ಹೋಯಿತು ಅಂತ ನೋಡಿ. ಹೊರದೇಶದವರು ಕೇಳಿದರೆ ಕಳಿಸಬೇಡಿ. 100 ವರ್ಷ ದಾಟಿದ ಪುರಾತನ ವಸ್ತುಗಳನ್ನು ಖಾಸಗಿಯವರು ರಫ್ತು ಮಾಡುವಂತಿಲ್ಲ, 1972ರ ಕಾಯ್ದೆ ಇದೆ.

ಇನ್ನೂ ಅಗೆಯುವ ಮನಸ್ಸಿದ್ದರೆ ಮಳೆಗಾಲ ಮುಗಿಯಲಿ, ಈಗ ಗುಂಡಿಯ ಬದಿ ಸುಮ್ನೆ ಕುಸಿಯುತ್ತದೆ. ದಪ್ಪ ಕೈಗವಸು ಹಾಕಿ. ಎಷ್ಟು ಆಳದಲ್ಲಿ, ಯಾವುದರ ಜೊತೆ ಸಿಕ್ಕಿತು ಅಂತ ಅಲ್ಲೇ ಬರೆದಿಡಿ.