ನಾಲ್ಕು ಇಂಚಿನ ಕಾಂಕ್ರೀಟ್ ನೆಲದ ಮೇಲೆ ಭಾರ ಹೊರುವ ಸ್ಟೀಲ್ ಫ್ರೇಮ್ ಗೋಡೆ ನಿಲ್ಲಿಸಬಹುದೇ?

ನೀವು ಕೇಳಿದ್ದು ಇಷ್ಟು: ಮಣ್ಣಿನ ಮೇಲೆ ಹಾಕಿದ 100 ಮಿ.ಮೀ. ದಪ್ಪದ ಸ್ಲ್ಯಾಬ್ ಇದೆ. ಅದರ ಮೇಲೆ ತೆಳು ಸ್ಟೀಲ್ ಸ್ಟಡ್‌ಗಳ (ನೆಟ್ಟಗೆ ನಿಲ್ಲಿಸುವ ತಗಡಿನ ಕಂಬಗಳ) ಗೋಡೆ ನಿಲ್ಲಿಸಿ, ಒಂದು ಮಹಡಿ ಮತ್ತು ಚಾವಣಿಯ ಭಾರ ಅದಕ್ಕೇ ಕೊಡಬೇಕು. ಕಾಂಕ್ರೀಟ್ ಎಂ25 (ಚದರ ಮಿ.ಮೀ.ಗೆ 25 ನ್ಯೂಟನ್, ಅಂದರೆ 25 ಮೆಗಾಪಾಸ್ಕಲ್ ಒತ್ತಡ ತಡೆಯುವ ಗ್ರೇಡ್), ಸಾಕಾಗುತ್ತದಾ?

ಕಾಂಕ್ರೀಟ್ ಸಾಕು. ಸ್ಲ್ಯಾಬ್ ಸಾಕಾ ಅನ್ನೋದು ಬೇರೆ ಪ್ರಶ್ನೆ, ಅದಕ್ಕೆ ಎಂ25 ಅನ್ನೋ ಅಂಕಿ ಒಂದರಿಂದ ಉತ್ತರ ಸಿಗುವುದಿಲ್ಲ. ನಾನು ಸ್ಟ್ರಕ್ಚರಲ್ ಡಿಸೈನ್ ಮಾಡುವವನು. ಗ್ರೇಡ್ ಹೇಳಿ ಸುಮ್ಮನಾಗುವವರು ನನ್ನ ಹತ್ತಿರ ಬರುತ್ತಲೇ ಇರುತ್ತಾರೆ.

ಮೊದಲು ಜಜ್ಜಿಹೋಗುವ ಭಯ ನೋಡೋಣ. ಗೋಡೆಯ ಮೇಲೆ ಮೀಟರಿಗೆ 20 ಕಿಲೋನ್ಯೂಟನ್, ಅಂದರೆ ಸುಮಾರು ಎರಡು ಟನ್ ಭಾರ ಅಂತ ಇಟ್ಟುಕೊಳ್ಳಿ. ಸ್ಟಡ್‌ಗಳು 600 ಮಿ.ಮೀ.ಗೆ ಒಂದು ಇದ್ದರೆ ಒಂದೊಂದರ ಪಾಲಿಗೆ 12 ಕಿಲೋನ್ಯೂಟನ್. ಸ್ಟಡ್‌ನ ಬುಡ 90ಕ್ಕೆ 40 ಮಿ.ಮೀ. ಆದರೆ ಕಾಂಕ್ರೀಟ್ ಮೇಲಿನ ಒತ್ತಡ ಸುಮಾರು 3.3 ಮೆಗಾಪಾಸ್ಕಲ್. ಸ್ಟಡ್ ಅನ್ನೋದು ಮಡಿಸಿದ ತಗಡು, ಪೂರ್ತಿ ಜಾಗ ಒತ್ತುವುದಿಲ್ಲ ನಿಜ. ಮೂರನೇ ಒಂದು ಭಾಗ ಮಾತ್ರ ತಾಗುತ್ತದೆ ಅಂದರೂ 10 ಆಯಿತು. 25ರ ಕಾಂಕ್ರೀಟ್, ಅದೂ ಸುತ್ತಲೂ ಕಾಂಕ್ರೀಟ್ ಇರುವ ಜಾಗದಲ್ಲಿ, ಇದನ್ನು ಆರಾಮಾಗಿ ತಡೆಯುತ್ತದೆ.

ತೊಂದರೆ ಇರುವುದು ಬಾಗುವುದರಲ್ಲಿ. ಗೋಡೆಯ ಕೆಳಗೆ ಸ್ಲ್ಯಾಬ್ ಬಾಗಿದಾಗ ಅದರ ತಳಭಾಗ ಎಳೆತಕ್ಕೆ ಸಿಗುತ್ತದೆ, ಎಳೆತದಲ್ಲಿ ಕಾಂಕ್ರೀಟ್ ಬಡಪಾಯಿ. ಎಂ25 ಕಾಂಕ್ರೀಟ್ ಬಾಗಿ ಸೀಳುವುದು ಸುಮಾರು 3.5 ಮೆಗಾಪಾಸ್ಕಲ್‌ಗೆ. ಈಗ ಒಂದೇ ಗೋಡೆ, ಅದೇ 20 ಕಿಲೋನ್ಯೂಟನ್, ಮೂರು ಕಡೆ ನಿಲ್ಲಿಸಿ ನೋಡಿ. ಮಣ್ಣು ಗಟ್ಟಿಯಾಗಿದ್ದು ಗೋಡೆಯ ಕೆಳಗೆ 600 ಮಿ.ಮೀ. ಅಗಲಕ್ಕೆ ಸಮನಾಗಿ ಆತುಕೊಂಡಿದ್ದರೆ, 100 ಮಿ.ಮೀ. ಸ್ಲ್ಯಾಬ್‌ನಲ್ಲಿ ಬರುವ ಎಳೆತ 1 ಮೆಗಾಪಾಸ್ಕಲ್‌ಗೂ ಕಡಿಮೆ. ಅದೇ ಭರ್ತಿ ಮಣ್ಣು ಕುಸಿದು ಗೋಡೆಯುದ್ದಕ್ಕೂ ಒಂದು ಮೀಟರ್ ಅಗಲದ ಪೊಳ್ಳು ಆಗಿದ್ದರೆ ಎಳೆತ 3ಕ್ಕೆ ಹೋಗುತ್ತದೆ, ಸುರಕ್ಷತೆಗೆ ಅಂತ ಏನೂ ಉಳಿಯುವುದಿಲ್ಲ. ಸ್ಲ್ಯಾಬ್ ಅಲ್ಲಿ 75 ಮಿ.ಮೀ. ಮಾತ್ರ ಇದ್ದರೆ 5 ದಾಟುತ್ತದೆ, ಸೀಳಿತು ಅಂತಲೇ ಲೆಕ್ಕ. ಕಾಂಕ್ರೀಟ್ ಮೂರೂ ಕಡೆ ಎಂ25 ಅಲ್ವಾ?

"ಒಳಗೆ ಮೆಶ್ ಹಾಕಿದೆ" ಅಂತ ನೀವು ಹೇಳಬಹುದು. ಇಂಥ ನೆಲದಲ್ಲಿ ಮೆಶ್ ಸಾಮಾನ್ಯವಾಗಿ ಮೇಲಿನ ಮೂರನೇ ಒಂದು ಭಾಗದಲ್ಲಿ ಇರುತ್ತದೆ, ಒಣಗಿ ಕುಗ್ಗುವಾಗ ಬರುವ ಬಿರುಕನ್ನು ಬಿಗಿಯಾಗಿ ಹಿಡಿಯಲು. ಗೋಡೆಯ ಕೆಳಗೆ ಎಳೆತ ಬರುವುದು ತಳದಲ್ಲಿ. ಅಲ್ಲಿ ಆ ಮೆಶ್ ಹೆಚ್ಚಿಗೆ ಉಪಯೋಗಕ್ಕೆ ಬರುವುದಿಲ್ಲ.

ಇನ್ನು ಭಾರ ಬೀಳುವ ಜಾಗ. 2.4 ಮೀಟರ್ ಅಗಲದ ಬಾಗಿಲು ಬಿಟ್ಟರೆ ಅದರ ಮೇಲಿನ ಭಾರವೆಲ್ಲ ಎರಡು ಪಕ್ಕದ ಸ್ಟಡ್‌ಗಳಿಗೆ ಇಳಿಯುತ್ತದೆ. ಬಾಗಿಲಿನಿಂದಲೇ ಒಂದೊಂದು ಪಕ್ಕಕ್ಕೆ 24 ಕಿಲೋನ್ಯೂಟನ್, ಮಾಮೂಲಿ ಸ್ಟಡ್‌ನ ಎರಡು ಪಟ್ಟು. ನಾನು ಮೊದಲು ನೋಡುವುದು ಈ ಜಾಗವನ್ನೇ. ಸ್ಲ್ಯಾಬ್‌ನ ಅಂಚು ಇನ್ನೊಂದು. ನಡುವೆ ಬಿದ್ದ ಭಾರ ಎಲ್ಲ ಕಡೆ ಹರಡುತ್ತದೆ, ಅಂಚಿನಲ್ಲಿ ಒಂದೇ ಕಡೆಗೆ. ವೆಸ್ಟರ್‌ಗಾರ್ಡ್ ಅನ್ನುವವರು 1926ರಲ್ಲೇ ಕಾಂಕ್ರೀಟ್ ರಸ್ತೆಗಳಿಗೆ ನಡು, ಅಂಚು, ಮೂಲೆ ಅಂತ ಬೇರೆ ಬೇರೆ ಲೆಕ್ಕ ಕೊಟ್ಟಿದ್ದು ಇದೇ ಕಾರಣಕ್ಕೆ. ಅಂಚಿನುದ್ದಕ್ಕೂ ಸ್ಲ್ಯಾಬ್ ಅನ್ನು ಕೆಳಕ್ಕೆ ದಪ್ಪ ಮಾಡಿ ತಳದಲ್ಲಿ ಕಂಬಿ ಕೊಡುವುದು ಇದಕ್ಕೇ. ಗರಗಸದಲ್ಲಿ ಕೊಯ್ದ ಜಾಯಿಂಟ್ ಮೇಲಂತೂ ಗೋಡೆ ಬೇಡ. 100ರಲ್ಲಿ 25 ಕೊಯ್ದರೆ 75 ಉಳಿಯಿತು, ಆದರೆ ಬಾಗುವ ಶಕ್ತಿ ದಪ್ಪದ ವರ್ಗಕ್ಕೆ ತಕ್ಕಂತೆ ಇಳಿದು ಸುಮಾರು ಅರ್ಧಕ್ಕೆ ಬರುತ್ತದೆ.

ಹಾಗಾಗಿ ನಿಮ್ಮ ಕೆಲಸ ಶುರುವಾಗಬೇಕಾದ್ದು ಡ್ರಿಲ್ ಮತ್ತು ಸುತ್ತಿಗೆಯಿಂದ. ಗೋಡೆ ಬರುವ ಗೆರೆಯುದ್ದಕ್ಕೂ ಸುತ್ತಿಗೆಯಿಂದ ತಟ್ಟುತ್ತಾ ಹೋಗಿ. ಕೆಳಗೆ ಪೊಳ್ಳಿದ್ದರೆ ಸದ್ದು ಬದಲಾಗುತ್ತದೆ, ಕಿವಿಗೆ ಬೇಗ ಗೊತ್ತಾಗುತ್ತದೆ. ಅನುಮಾನ ಬಂದ ಕಡೆ ಸಣ್ಣ ತೂತು ಕೊರೆಯಿರಿ. ತುದಿ ಮಡಿಸಿದ ತಂತಿಯನ್ನು ಒಳಗೆ ಇಳಿಸಿ ಸ್ಲ್ಯಾಬ್‌ನ ತಳಕ್ಕೆ ಕೊಕ್ಕೆ ಹಾಕಿ ಎಳೆದರೆ ನಿಜವಾದ ದಪ್ಪ ಸಿಗುತ್ತದೆ. ಕೊಕ್ಕೆಗೂ ಮಣ್ಣಿಗೂ ನಡುವೆ ಸಂದಿ ಇದೆಯಾ ಅನ್ನೋದೂ ತಿಳಿಯುತ್ತದೆ. ಒಂದು ಎಚ್ಚರಿಕೆ: ಅದು ಪೋಸ್ಟ್ ಟೆನ್ಷನ್ ಸ್ಲ್ಯಾಬ್ (ಒಳಗೆ ಸ್ಟೀಲ್ ಕೇಬಲ್ ಎಳೆದು ಬಿಗಿದದ್ದು) ಆಗಿದ್ದರೆ, ಕೇಬಲ್ ಎಲ್ಲಿದೆ ಅಂತ ಸ್ಕ್ಯಾನ್ ಮಾಡಿಸದೆ ಡ್ರಿಲ್ ಮುಟ್ಟಲೇಬೇಡಿ. ಬಿಗಿದ ಕೇಬಲ್ ತುಂಡಾದರೆ ಪಕ್ಕದಲ್ಲಿ ನಿಂತವರ ಪ್ರಾಣಕ್ಕೇ ಅಪಾಯ. ರಿಬೌಂಡ್ ಹ್ಯಾಮರ್ ಪರೀಕ್ಷೆ ಮಾಡಿಸಿ ಅಂತ ಯಾರಾದರೂ ಹೇಳುತ್ತಾರೆ. ಮಾಡಿಸಿ, ಬೇಡ ಅನ್ನಲ್ಲ. ಆದರೆ ಅದು ಮೇಲ್ಮೈ ಎಷ್ಟು ಗಟ್ಟಿ ಅಂತ ಹೇಳುತ್ತದೆ, ಅಡಿಯ ಮಣ್ಣಿನ ಸುದ್ದಿ ಅದಕ್ಕೆ ಗೊತ್ತಿಲ್ಲ.

ದಪ್ಪ ಕಡಿಮೆ ಅಥವಾ ಮಣ್ಣು ಸಡಿಲ ಅಂತ ಕಂಡರೆ ಮೇಲೆ ಇನ್ನೊಂದು ಪದರ ಸುರಿಯುವ ಯೋಚನೆ ಬಿಡಿ. ಗೋಡೆಯ ಗೆರೆಯಲ್ಲಿ ಸ್ಲ್ಯಾಬ್‌ನ ಪಟ್ಟಿ ಕೊಯ್ದು ತೆಗೆದು, ಗಟ್ಟಿ ಮಣ್ಣು ಸಿಗುವವರೆಗೆ ಅಗೆದು, ತಳದಲ್ಲಿ ಕಂಬಿ ಇಟ್ಟು ಹೊಸ ಫೂಟಿಂಗ್ ಹಾಕುವುದೇ ಸರಿ. ಧೂಳು, ಗಲಾಟೆ ಇದ್ದದ್ದೇ. ಅಳತೆಗಳನ್ನು ಜಾಗ ನೋಡಿದ ಎಂಜಿನಿಯರ್ ಕೊಡಲಿ. ಕೆಳಗೆ ಮಣ್ಣಿನ ಆಸರೆ ಇಲ್ಲದ ಮೇಲಿನ ಮಹಡಿಯ ಸ್ಲ್ಯಾಬ್ ಮೇಲೆ ಇಂಥ ಗೋಡೆ ಹಾಕುವ ಯೋಚನೆ ಇದ್ದರೆ ಈ ಲೆಕ್ಕ ಯಾವುದೂ ನಡೆಯಲ್ಲ, ಅದರ ಕಂಬಿಯ ಡ್ರಾಯಿಂಗ್ ಬೇಕೇ ಬೇಕು.

ಕೆಳಕ್ಕೆ ಒತ್ತುವ ಭಾರದಲ್ಲೇ ಮುಳುಗಿ ಜನ ಮರೆಯುವುದು ಗಾಳಿಯನ್ನು. ಸ್ಟೀಲ್ ಗೋಡೆ ಹಗುರ. ಜೋರು ಗಾಳಿಗೆ ಅದರ ಒಂದು ತುದಿ ಮೇಲೇಳಲು ನೋಡುತ್ತದೆ. ಆ ತುದಿಯ ಬೋಲ್ಟ್‌ನಲ್ಲಿ 20 ಕಿಲೋನ್ಯೂಟನ್ ಎಳೆತ ಬಂದರೆ, ಬರೀ ತೂಕದಿಂದ ತಡೆಯಲು 0.83 ಘನ ಮೀಟರ್ ಕಾಂಕ್ರೀಟ್ ಬೇಕು. 100 ಮಿ.ಮೀ. ಸ್ಲ್ಯಾಬ್‌ನಲ್ಲಿ ಅದು ಎಂಟು ಚದರ ಮೀಟರಿಗೂ ಜಾಸ್ತಿ. ಅಷ್ಟು ಅಗಲದ ತೆಳು ಸ್ಲ್ಯಾಬ್ ಒಂದು ಬೋಲ್ಟ್ ಹಿಡಿದು ಎತ್ತಿದರೆ ಇಡಿಯಾಗಿ ಏಳುವುದಿಲ್ಲ, ಮುರಿಯುತ್ತದೆ. ಫೂಟಿಂಗ್ ಹೇಗೂ ಹಾಕುವುದಾದರೆ ಆ ಬೋಲ್ಟ್‌ಗಳ ಕೆಳಗೇ ಅದನ್ನು ದೊಡ್ಡದು ಮಾಡಿಸಿ.

ಗೋಡೆ ನಿಲ್ಲಿಸುವ ದಿನ ಬುಡದ ಟ್ರ್ಯಾಕ್ (ಸ್ಟಡ್‌ಗಳು ಕೂರುವ ಸ್ಟೀಲ್ ಪಟ್ಟಿ) ಕೆಳಗೆ ಇಣುಕಿ ನೋಡಿ. ಸ್ಲ್ಯಾಬ್ ಏರುತಗ್ಗಾಗಿ 6 ಮಿ.ಮೀ.ಗಿಂತ ಹೆಚ್ಚು ಸಂದಿ ಬಂದಿದ್ದರೆ ಗ್ರೌಟ್ ತುಂಬಿಸಿ. ಸ್ಟಡ್‌ನ ತುದಿಗೂ ಟ್ರ್ಯಾಕ್‌ಗೂ ನಡುವೆ 3 ಮಿ.ಮೀ.ಗಿಂತ ಜಾಸ್ತಿ ಇದ್ದರೆ ಆ ಸ್ಟಡ್ ಬಿಚ್ಚಿಸಿ ಕೂರಿಸಿ. ಇಲ್ಲದಿದ್ದರೆ ಭಾರವೆಲ್ಲ ಸ್ಕ್ರೂಗಳ ಮೇಲೆ ಹೋಗುತ್ತದೆ.